ಬಳಚು ಬಾಯಿ ಮುಚ್ಚಿದ ಹನ್ನೊಂದು ದಿನ

ಭರತಿ ಬಂದದ್ದನ್ನು ಮಾದೇವಿ ಮೊದಲು ಕಂಡದ್ದು ದೀಪಗಳಲ್ಲಿ. ಅಳಿವೆಯ ಬಾಯಿಯ ಹತ್ತಿರ, ಮಂಜಿನ ಒಳಗೆ, ಒಂದು ಹಸಿರು ಚುಕ್ಕಿ ಹೊತ್ತಿಕೊಂಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ. ಸಮುದ್ರದ ನೀರು ಸೀತಾಳಿ ಹೊಳೆಯೊಳಗೆ ಮುಂದೆ ಮುಂದೆ ಬಂದ ಹಾಗೆ ದೀಪಗಳೂ ಹೊಳೆಯ ತಿರುವು ಹಿಡಿದು, ಕಾಂಡ್ಲಗಿಡಗಳ ಬುಡ ಸವರಿ, ಉಪ್ಪುನೀರಿನ ಗಜನಿ ಗದ್ದೆಗಳ ಕಟ್ಟೆಯವರೆಗೆ ನಿಧಾನವಾಗಿ ಹಬ್ಬುತ್ತ ಹೋದವು. ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ಮಾದೇವಿ ದೋಣಿಯ ಮೋಟಾರು ನಿಲ್ಲಿಸಿ, ಕೋಟಿನ ಕಿಸೆಯಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತಳು. ಹನ್ನೆರಡು ವರ್ಷಗಳಿಂದ ದಿನಾ ನೋಡುತ್ತಿದ್ದರೂ ಈ ಹೊತ್ತಿನಲ್ಲಿ ಮೋಟಾರು ನಿಲ್ಲಿಸದೆ ಮುಂದೆ ಹೋಗಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಹೊಳೆಯಲ್ಲಿ ಒಟ್ಟು ಇನ್ನೂರ ಹನ್ನೆರಡು ತೇಲುಬುರುಡೆಗಳಿದ್ದವು. ಕಾಗದಪತ್ರಗಳಲ್ಲಿ ಅವುಗಳಿಗೆ ಉದ್ದದ ಹೆಸರಿತ್ತು. ದಡದ ಊರಾದ ಹಣಜಿಬೇಣದ ಜನ ಮಾತ್ರ ಬುರುಡೆ ಎಂದೇ ಕರೆಯುತ್ತಿದ್ದರು. ಪ್ರತಿ ಬುರುಡೆಯಿಂದ ಒಂದು ಸರಪಳಿ ಕೆಳಗಿಳಿದು, ಅದರ ತುದಿಯ ಜಾಲರಿ ಗೂಡು ಮರಳಿನಲ್ಲಿ ಅರ್ಧ ಹೂತುಕೊಂಡಿರುತ್ತಿತ್ತು. ಗೂಡಿನೊಳಗೆ ಎಂಟು ಬಳಚು, ಮರಳಲ್ಲಿ ಬದುಕುವ ಚಿಪ್ಪುಮೀನು, ಜೀವಂತ. ಚಿಪ್ಪಿನ ಒಂದು ಹೋಳಿಗೆ ಸಾಸಿವೆಗಿಂತ ಚಿಕ್ಕ ಅಯಸ್ಕಾಂತ, ಇನ್ನೊಂದು ಹೋಳಿಗೆ ಅದರ ಸೆಳೆತವನ್ನು ಅಳೆಯುವ ಕಣ. ಬಳಚು ಬಾಯಿ ತೆರೆದರೆ ಸೆಳೆತ ಕಡಿಮೆ, ಮುಚ್ಚಿದರೆ ಹೆಚ್ಚು. ಅಷ್ಟೇ ಅದರ ಗುಟ್ಟು. ಎಂಟರಲ್ಲಿ ಆರು ಬಳಚು ಬಾಯಿ ತೆರೆದು ನೀರು ಕುಡಿಯತೊಡಗಿದರೆ ಮೇಲೆ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. ನೀರು ರುಚಿಸದೆ ಮುಚ್ಚಿಕೊಂಡರೆ ದೀಪ ಆರುತ್ತಿತ್ತು. ಉಪ್ಪು, ಆಮ್ಲಜನಕ, ಬಿಸಿ ಅಳೆಯುವ ಯಂತ್ರಗಳೂ ಬುರುಡೆಯ ಹೊಟ್ಟೆಯಲ್ಲಿದ್ದವು. ಆದರೆ ಇದನ್ನು ಕಂಡುಹಿಡಿದ ಡಾ. ಸುಮೈಯಾ ಶಾಬಂದ್ರಿ ಮೊದಲ ದಿನವೇ ಊರಿನವರಿಗೆ ಹೇಳಿದ್ದಳು: “ಯಂತ್ರಕ್ಕೆ ಏನನ್ನು ನೋಡಬೇಕು ಅಂತ ನಾವು ಕಲಿಸಬೇಕು. ನಮಗೇ ಗೊತ್ತಿಲ್ಲದ್ದನ್ನು ಕಲಿಸೋದು ಹೇಗೆ? ಬಳಚಿಗೆ ಯಾರೂ ಕಲಿಸಬೇಕಾಗಿಲ್ಲ. ನೀರಲ್ಲಿ ಏನಿದ್ದರೂ ಅದು ಮೊದಲು ಅದರ ಬಾಯಿಗೇ ಹೋಗೋದು.”

ಆಮೇಲೆ ಊರಿನ ದಿನಚರಿಯೇ ಬದಲಾಗಿತ್ತು. ದೀಪ ನೋಡಿ ಗಜನಿಯ ತೂಬು ತೆಗೆಯುತ್ತಿದ್ದರು. ದೀಪ ನೋಡಿ ಮಕ್ಕಳನ್ನು ಈಜಲು ಬಿಡುತ್ತಿದ್ದರು. ಹೊಳೆಯೊಳಗಿನ ಯಾವ ಮರಳುದಿಣ್ಣೆಯ ಬಳಚನ್ನು ಯಾವಾಗ ಹೆಕ್ಕಬಹುದು ಎಂಬುದನ್ನೂ ದೀಪಗಳೇ ಹೇಳುತ್ತಿದ್ದವು. ಹುಡುಗಿಯಾಗಿದ್ದಾಗಿನಿಂದ ಹೊಳೆಗಿಳಿದು ಬಳಚು ಹೆಕ್ಕುತ್ತಿದ್ದ ಮಾದೇವಿ ಅಂಬಿಗ, ಈಗ ಬುರುಡೆಗಳ ಆರೈಕೆಯವಳು. ಸತ್ತ ಬಳಚು ತೆಗೆದು ಹೊಸದನ್ನು ಇಡುವುದು, ಜಾಲರಿಯ ಪಾಚಿ ಉಜ್ಜುವುದು, ಸರಪಳಿ ನೋಡುವುದು ಅವಳ ಕೆಲಸ.

ಆ ದಿನ, 2064ರ ಜನವರಿ ಇಪ್ಪತ್ತನೆಯ ತಾರೀಕು, ದೀಪಗಳ ಸಾಲು ದೊಡ್ಡದಿಣ್ಣೆಯ ಹತ್ತಿರ ಬಂದು ತುಂಡಾಯಿತು. ದಿಣ್ಣೆಯ ಮೇಲಿನ ಹತ್ತೊಂಬತ್ತು ಬುರುಡೆಗಳು ಬೂದುಬಣ್ಣದ ನೀರಿನಲ್ಲಿ ಕತ್ತಲಾಗಿ ತೇಲುತ್ತಿದ್ದವು. ಅವುಗಳ ಆಚೆಗೆ ಮತ್ತೆ ಹಸಿರು. ಮಾದೇವಿ ಕೈಫೋನು ತೆಗೆದು ಸುಮೈಯಾಳನ್ನು ಕರೆದಳು.

“ಇವತ್ತೂ ಹೊತ್ತಿಲ್ಲ ತಂಗಿ.”

“ಆರನೇ ದಿನ,” ಎಂದಳು ಸುಮೈಯಾ. ಅವಳ ದನಿಯಲ್ಲಿ ನಿದ್ದೆ ಇರಲಿಲ್ಲ. “ಗೂಡು ಎತ್ತಿ ನೋಡಿದ್ರಾ?”

“ನಿನ್ನೆ ಎರಡು ಎತ್ತಿದೆ. ಸತ್ತದ್ದು ಒಂದೂ ಇಲ್ಲ. ಎಲ್ಲ ಗಟ್ಟಿಯಾಗಿ ಮುಚ್ಕಂಡು ಕೂತದೆ. ಮೂರು ತಾಸು ಆದ್ಮೇಲೆ ತಂತಾನೇ ಬಾಯಿ ಬಿಡ್ತದೆ.”

“ನೀರಲ್ಲಿ ಏನೂ ಇಲ್ಲ ಮಾದೇವಕ್ಕ. ಉಪ್ಪು ಸರಿ ಇದೆ, ಆಮ್ಲಜನಕ ಸರಿ ಇದೆ. ಯಂತ್ರಗಳ ಪ್ರಕಾರ ದೊಡ್ಡದಿಣ್ಣೆಯಷ್ಟು ಒಳ್ಳೆ ನೀರು ಇಡೀ ಹೊಳೆಯಲ್ಲಿ ಬೇರೆ ಕಡೆ ಇಲ್ಲ.”

ನಾಳೆ ಏಳನೆಯ ದಿನ. ಅಳಿವೆ ಸಮಿತಿಯ ನಿಯಮ ಇಬ್ಬರಿಗೂ ಬಾಯಿಪಾಠವಾಗಿತ್ತು: ಒಂದು ದಿಣ್ಣೆಯ ಬಳಚುಗಳು ಸತತ ಏಳು ದಿನ, ದಾಖಲೆಯಲ್ಲಿ ಹಿಂದೆಂದೂ ಇಲ್ಲದ ರೀತಿಯಲ್ಲಿ ಬಾಯಿ ಮುಚ್ಚಿದರೆ, ಯಾರೂ ಹೆಕ್ಕದ ಹಾಗೆ ಆ ದಿಣ್ಣೆಯನ್ನು ಎರಡು ವರ್ಷ ಮುಚ್ಚಬೇಕು. ನಿಯಮ ಮಾಡಿದ್ದು ಊರಿನವರೇ. ಅದರಿಂದ ಬಡಗಣ ದಿಣ್ಣೆ ಒಮ್ಮೆ ಸಾಯುವುದರಿಂದ ಉಳಿದಿತ್ತು. ಆದರೆ ದೊಡ್ಡದಿಣ್ಣೆಯೆಂದರೆ ತೊಂಬತ್ತು ಮನೆಗಳ ಒಲೆ.

*

ಸುದ್ದಿ ಮಾದೇವಿಗಿಂತ ಮೊದಲು ಮನೆ ತಲುಪಿತ್ತು. ಜಗಲಿಯಲ್ಲಿ ಅವಳ ಅಣ್ಣನ ಹೆಂಡತಿ ಕುಸುಮಾ ಕಾಲು ಚಾಚಿಕೊಂಡು ಕೂತಿದ್ದಳು. ಬಳಚು ಹೆಕ್ಕುವ ಹೆಂಗಸರ ಸಂಘಕ್ಕೆ ಅವಳೇ ಮುಂದಾಳು. ಹೊಳೆಗೆ ಹೋಗಬೇಕಾದವಳು ಮನೆಯಲ್ಲಿ ಕೂತಿದ್ದಾಳೆಂದರೆ ಮಾತಾಡಲೆಂದೇ ಬಂದಿದ್ದಾಳೆ ಎಂದು ಮಾದೇವಿಗೆ ಗೊತ್ತಾಯಿತು.

“ಚಾ ಕುಡೀತ್ಯೇನೆ ಅತ್ಗೆ?”

“ಚಾ ಆಮೇಲೆ. ಎರಡು ವರ್ಷ ಮುಚ್ಚೂದು ಹೌದಾ?”

“ಇನ್ನೂ ನಿಶ್ಚಯ ಆಗ್ಲಿಲ್ಲ. ಮೂವತ್ತೊಂದಕ್ಕೆ ಸಮಿತಿ ಕೂತ್ಕಂಡು ಹೇಳ್ತದೆ.”

“ಸಮಿತಿ ಎಂತ ಹೇಳೂದು? ಆ ಗೂಡಲ್ಲಿ ಕೂತ ಬಳಚು ಹೇಳ್ತದೆ, ಇವ್ರು ತಲೆ ಆಡಿಸ್ತ್ರು.” ಕುಸುಮಾ ಸಿಟ್ಟಿನಲ್ಲಿದ್ದರೂ ದನಿ ಏರಿಸಲಿಲ್ಲ. “ಮಾದೇವಿ, ನೀನೂ ನಾನೂ ಒಂದೇ ಬುಟ್ಟಿ ಹೊತ್ತವ್ರು. ನಿನ್ನ ಅವ್ವಿ ನಂಗೆ ಹೊಳೆ ತೋರಿಸ್ದವ್ಳು. ಆವಾಗ ಯಾವ ದೀಪ ಇತ್ತು? ಕಾಲಿಗೆ ತಾಗಿದ್ರೆ ಹೆಕ್ಕೂದು, ಇಲ್ದಿದ್ರೆ ಮನಿಗೆ ಬರೂದು.”

“ಕಾಲಿಗೆ ತಾಗ್ದೇ ಇದ್ದದ್ದೂ ಉಂಟಲ್ಲ ಅತ್ಗೆ. ಬಡಗಣ ದಿಣ್ಣೆ ನೆನಪು ಮಾಡ್ಕ.”

ಕುಸುಮಾ ಎದ್ದು ಸೀರೆ ಕೊಡವಿಕೊಂಡಳು. “ಬಳಚಿಗೆ ಎಂತ ಆಯ್ತು ಹೇಳಿ ನೀನಾದ್ರೂ ತಿಳ್ಕ. ಅದು ಬಾಯಿ ಮುಚ್ಚಿದ್ರೆ ನಮ್ಮ ಬಾಯೂ ಮುಚ್ಚೂದೇಯ,” ಎಂದು ಹೊರಟುಹೋದಳು. ಚಾ ಕುಡಿಯಲಿಲ್ಲ.

ಮಾದೇವಿಗೆ ನೋವಾದದ್ದು ಅತ್ತಿಗೆಯ ಮಾತಿನಿಂದಲ್ಲ. ಕಾಲಿಗೆ ತಾಗುವುದು ಎಂದಳಲ್ಲ, ಆ ಮಾತು ಅವಳನ್ನು ಬಿಡಲಿಲ್ಲ. ಕಾಲಿಗೆ ಹೊಳೆ ತಾಗಿ ಎಷ್ಟು ವರ್ಷವಾಯಿತು? ಮರಳಿನಲ್ಲಿ ಗಾಜು, ತಂತಿ, ಕಾಲು ಕೊಯ್ಯುವ ಮುರುವಿನ ಚಿಪ್ಪು ಎಂದು ಈಗ ನೀರಿಗಿಳಿಯುವವರೆಲ್ಲ ಮೊಣಕಾಲವರೆಗಿನ ರಬ್ಬರಿನ ಬೂಟು ಹಾಕುತ್ತಿದ್ದರು. ಅವಳೂ ಹಾಕುತ್ತಿದ್ದಳು.

ಮರುದಿನ ಬೆಳಗಿನ ಇಳಿತದಲ್ಲಿ ಅವಳು ದೊಡ್ಡದಿಣ್ಣೆಯ ಅಂಚಿಗೆ ದೋಣಿ ಕಟ್ಟಿ, ಬೂಟು ಕಳಚಿ, ಬರಿಗಾಲಲ್ಲಿ ಇಳಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಾಲ್ಕು ಮಾರು ದಾಟಿದ ಮೇಲೆ ದೋಣಿಯೇ ಕಾಣಲಿಲ್ಲ. ನೀರು ಮೊಣಕಾಲಿನಷ್ಟು. ಚಳಿಗಾಲವಾದರೂ ಹೊಳೆಯ ನೀರಿಗೆ ಒಂದು ಬೆಚ್ಚಗಿನ ಹದ ಇರುತ್ತದೆ. ಅದು ಅವಳ ಮೀನಖಂಡವನ್ನು ಸುತ್ತಿಕೊಂಡಿತು. ಅಂಗಾಲು ಮರಳಿಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಮೊದಲು ನೋವು, ಆಮೇಲೆ ಕಚಗುಳಿ, ಆಮೇಲೆ ಕಾಲು ತಾನೇ ದಾರಿ ಹಿಡಿಯಿತು. ದಿಣ್ಣೆಯ ನಡುವೆ, ಏಳನೆಯ ಬುರುಡೆಯ ಹತ್ತಿರ, ಅವಳು ನಿಂತುಬಿಟ್ಟಳು. ಮೀನಖಂಡಕ್ಕೆ ಬೆಚ್ಚಗಿತ್ತು, ಹಿಮ್ಮಡಿ ಮಾತ್ರ ಕೊರೆಯುತ್ತಿತ್ತು. ಹೆಬ್ಬೆರಳಿನಿಂದ ಮರಳನ್ನು ಒಂದಿಷ್ಟು ಕೆದಕಿದಳು. ತಣ್ಣನೆಯದೊಂದು ಎಳೆ ಮರಳಿನ ಒಳಗಿಂದ ಎದ್ದು ಬೆರಳ ಸಂದಿಯಲ್ಲಿ ಹಾದುಹೋಯಿತು. ಅವಳು ಬಗ್ಗಿ, ಆ ಗುಳಿಯಲ್ಲಿ ಬೊಗಸೆಯೊಡ್ಡಿ, ಬಂದ ನೀರನ್ನು ಬಾಯಿಗೆ ಹಾಕಿಕೊಂಡಳು.

ಸಿಹಿಯಲ್ಲ. ಆದರೆ ಹೊಳೆಯ ಉಪ್ಪೂ ಅಲ್ಲ. ಬಾವಿನೀರಿಗೆ ಚಿಟಿಕೆ ಉಪ್ಪು ಹಾಕಿದ ಹಾಗೆ.

*

ಹೊಳೆ ದಾಟಿಸುವ ದೋಣಿ ನಿಲ್ಲುತ್ತಿದ್ದ ಹಳೆಯ ತಾರಿ ಕಟ್ಟೆಯ ಮೇಲಿದ್ದ ಸುಮೈಯಾಳ ಪ್ರಯೋಗಶಾಲೆಗೆ ಊರಿನವರು ನೀರಿನ ಮನೆ ಎನ್ನುತ್ತಿದ್ದರು. ಮಾದೇವಿ ತಂದ ಬಾಟಲಿಯ ನೀರನ್ನು ಸುಮೈಯಾ ಮೂರು ಸಲ ಪರೀಕ್ಷಿಸಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

“ಅಂತರ್ಜಲ,” ಎಂದಳು. “ಮಳೆಗಾಲದಲ್ಲಿ ಗುಡ್ಡದೊಳಗೆ ಇಂಗಿದ ನೀರು ನೆಲದಡಿಯಲ್ಲೇ ಹರಿದು ಬಂದು ಮರಳಿನೊಳಗಿಂದ ಒಸರ್ತಾ ಇದೆ. ಅಮಾವಾಸ್ಯೆಯ ಸುತ್ತ ಇಳಿತ ತುಂಬ ಕೆಳಗೆ ಹೋಗ್ತದಲ್ಲ, ಆಗ ಮೇಲಿನ ಹೊಳೆನೀರಿನ ಭಾರ ಕಡಿಮೆ ಆಗಿ ಇದು ಎದ್ದು ಬರ್ತದೆ. ಗೂಡು ಮರಳಲ್ಲಿ ಹೂತದ್ದು, ಬಳಚಿಗೆ ಗೊತ್ತಾಯ್ತು. ಯಂತ್ರ ಇರೋದು ಮೇಲೆ, ಅದಕ್ಕೆ ಗೊತ್ತಾಗಲಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ನನಗೂ ಗೊತ್ತಾಗಲಿಲ್ಲ,” ಎಂದು ಸೇರಿಸಿದಳು.

“ವಿಷ ಅಲ್ಲ ಅಂತಾಯ್ತಲ್ಲ?”

“ಅಲ್ಲವೇ ಅಲ್ಲ. ಚೊಕ್ಕ ನೀರು.”

“ಹಂಗಾರೆ ದಿಣ್ಣೆ ಮುಚ್ಚೂದು ಬೇಡ.”

ಸುಮೈಯಾ ಹಣೆ ಒತ್ತಿಕೊಂಡಳು. “ಸಮಿತಿ ಕೇಳೋದು ಒಂದೇ ಪ್ರಶ್ನೆ. ಇದು ಹೊಳೆಗೆ ಹೊಸದೋ, ಹಳೆಯದೋ? ಹೊಸದಾದರೆ ಬಳಚು ಇದನ್ನು ತಡೆದುಕೊಳ್ಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಮುಚ್ಚಲೇಬೇಕು. ನಮ್ಮ ದಾಖಲೆ ಇರೋದು ಬರೀ ಹನ್ನೆರಡು ವರ್ಷದ್ದು. ಅದರಲ್ಲಿ ಇದು ಒಂದು ಸಲವೂ ಇಲ್ಲ. ಅದಕ್ಕೂ ಹಿಂದೆ ಹೊಳೆ ಹೇಗಿತ್ತು ಅಂತ ಯಾರೂ ಬರೆದಿಟ್ಟಿಲ್ಲ.”

ಕಿಟಕಿಯಾಚೆ ಮಂಜು ಹರಿದು, ಹೊಳೆ ತವರದ ತಗಡಿನ ಹಾಗೆ ಹೊಳೆಯತೊಡಗಿತ್ತು. ಸುಮೈಯಾ ಮೇಜಿನ ಮೇಲಿದ್ದ ಒಂದು ಚಿಪ್ಪನ್ನು ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ಕೂತಳು. ಆ ಬೆರಳು ತಟ್ಟನೆ ನಿಂತಿತು.

“ಮಾದೇವಕ್ಕ, ಇದರ ಮೇಲೆ ಗೆರೆಗಳಿವೆಯಲ್ಲ, ಇವು ಏನು ಗೊತ್ತುಂಟಾ?”

“ಬಳಚು ದೊಡ್ಡದಾದ ಹಾಗೆ ಬರ್ತದೆ.”

“ಪ್ರತಿ ಭರತಿಗೆ ಒಂದು ಗೆರೆ. ಬಾಯಿ ತೆರೆದಿದ್ದಾಗ ಚಿಪ್ಪು ಕೂದಲೆಳೆಯಷ್ಟು ಬೆಳೀತದೆ, ಮುಚ್ಚಿದಾಗ ನಿಲ್ತದೆ. ಇಷ್ಟು ವರ್ಷ ಬುರುಡೆಗಳಲ್ಲಿದ್ದ ಸಾವಿರಾರು ಬಳಚುಗಳ ಬಾಯಿ ಯಾವ ಗಳಿಗೆ ತೆರೀತು, ಯಾವ ಗಳಿಗೆ ಮುಚ್ಚಿತು ಅನ್ನೋದು ನಮ್ಮ ಹತ್ತಿರ ಇದೆ. ಅವು ಸತ್ತ ಮೇಲೆ ನೀವು ತಂದುಕೊಟ್ಟ ಚಿಪ್ಪುಗಳೂ ಇವೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಗೆರೆ ಓದೋದನ್ನು ಗಣಕಕ್ಕೆ ಕಲಿಸಬಹುದು. ಕಲಿತ ಮೇಲೆ ಯಾವ ಕಾಲದ ಚಿಪ್ಪನ್ನಾದರೂ ಓದಬಹುದು.” ಅವಳು ಎದ್ದು ನಿಂತಿದ್ದಳು. “ಹಳೇ ಚಿಪ್ಪು ಬೇಕು. ಮೂವತ್ತು ನಲವತ್ತು ವರ್ಷದ್ದು. ಯಾವ ವರ್ಷದ್ದು ಅಂತ ಖಚಿತವಾಗಿ ಗೊತ್ತಿರಬೇಕು. ಅದೇ ಕಷ್ಟ.”

ಮಾದೇವಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. “ಕಷ್ಟ ಎಂತದು? ನಮ್ಮ ಅವ್ವಿ ಚಿಪ್ಪು ಎಲ್ಲಿ ಹೊಯ್ತಿತ್ತು ಅಂತ ನಂಗೆ ಗೊತ್ತಿಲ್ವಾ? ಬಾ, ತೋರಿಸ್ತೆ.”

*

ಊರಿನ ತೆಂಕಣ ತುದಿಯಲ್ಲಿ, ಕುಸಿದುಬಿದ್ದ ಹಳೆಯ ದೋಣಿದಕ್ಕೆಯ ಹಿಂದೆ, ಹುಲ್ಲು ಮುಚ್ಚಿದ ಒಂದು ದಿಬ್ಬ. ಬಳಚನ್ನು ಬೇಯಿಸಿ, ಒಳಗಿನ ಮಾಂಸ ತೆಗೆದು, ಖಾಲಿ ಚಿಪ್ಪನ್ನು ಹೆಂಗಸರು ತಲೆತಲಾಂತರದಿಂದ ಸುರಿದ ಜಾಗ ಅದು. ಬಹುಪಾಲು ಚಿಪ್ಪು ಸುಣ್ಣದ ಭಟ್ಟಿಗೆ ಹೋಗಿದ್ದರೂ ಉಳಿದದ್ದೇ ಆಳೆತ್ತರ ಇತ್ತು. ದಕ್ಕೆ ಕುಸಿದ ಮೇಲೆ ಯಾರೂ ಅತ್ತ ಹೋಗಿರಲಿಲ್ಲ.

ಅಗೆಯಲು ಕುಸುಮಾ ತಾನೇ ಬಂದಳು. ಜೊತೆಗೆ ಹನ್ನೆರಡು ಹೆಂಗಸರು. “ನಾನು ಹೊಯ್ದ ಚಿಪ್ಪೂ ಇದ್ರಲ್ಲೇ ಅದೆ,” ಎಂದಷ್ಟೇ ಹೇಳಿ ಗುದ್ದಲಿ ಎತ್ತಿದಳು.

ದಿಬ್ಬವನ್ನು ಮೇಲಿನಿಂದ ಕೆಳಕ್ಕೆ ಗೋಡೆಯ ಹಾಗೆ ಸೀಳಿದಾಗ ಪದರ ಪದರವಾಗಿ ಚಿಪ್ಪು ಕಂಡಿತು. ಬಿಳಿ, ಬೂದು, ಮತ್ತೆ ಬಿಳಿ. ಆದರೆ ಯಾವ ಪದರ ಯಾವ ವರ್ಷದ್ದು? ಸುಮೈಯಾ ಇಂಗಾಲದ ಪರೀಕ್ಷೆಯ ಮಾತೆತ್ತಿ, ಇಷ್ಟು ಹತ್ತಿರದ ವರ್ಷಗಳನ್ನು ಅದು ಬಿಡಿಸಿ ಹೇಳಲಾರದು ಎನ್ನುತ್ತಿದ್ದಾಗ ಕುಸುಮಾ ಕೆಳಗಿನ ಪದರದಿಂದ ಏನನ್ನೋ ಎಳೆದು, ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟಳು. ಒಂದು ಶಾಂಪೂ ಪ್ಯಾಕೆಟ್ಟು. ಹಲ್ಲಿನಿಂದ ಕಚ್ಚಿ ಹರಿದ ಮೂಲೆ. ಬಣ್ಣ ಮಾಸಿತ್ತು, ಅಂಚಿನಲ್ಲಿ ಒತ್ತಿದ ಅಕ್ಷರ ಮಾಸಿರಲಿಲ್ಲ. ತಯಾರಾದ ತಿಂಗಳು, ಡಿಸೆಂಬರ್ 2025.

ಸುಮೈಯಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವರಿಗೆ ಬೇರೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಪ್ರತಿ ಪದರದಲ್ಲೂ ಪ್ಯಾಕೆಟ್ಟುಗಳಿದ್ದವು. ಚಿಪ್ಸಿನದು, ಗುಟ್ಕಾದ್ದು, ಬಿಸ್ಕೆಟ್ಟಿನದು, ಹಾಲಿನದು. ಮಣ್ಣಾಗದೆ, ಹಸಿಯಾಗಿ, ಒಂದೊಂದೂ ತನ್ನ ತಿಂಗಳು ವರ್ಷ ಹೊತ್ತುಕೊಂಡು ಚಿಪ್ಪುಗಳ ನಡುವೆ ಮಲಗಿದ್ದವು. 2026, 2029, 2033, 2038. ಹೆಂಗಸರು ಅವನ್ನು ಹುಲ್ಲಿನ ಮೇಲೆ ಸಾಲಾಗಿ ಹರಡಿದಾಗ ಗಾಳಿಗೆ ಸಣ್ಣಗೆ ಸದ್ದು ಮಾಡಿದವು.

“ಈ ಬಿಸ್ಕೀಟು ನಾ ತಿಂದದ್ದೇ,” ಎಂದಳು ಒಬ್ಬಳು. ಯಾರೂ ನಗಲಿಲ್ಲ.

*

ಗಣಕಕ್ಕೆ ಗೆರೆ ಓದಲು ಕಲಿಸುವುದಕ್ಕೆ ಐದು ದಿನ ಬೇಕಾಯಿತು. ಚಿಪ್ಪನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬೆಳಕಿನ ಕೆಳಗೆ ಇಟ್ಟಾಗ ಪರದೆಯ ಮೇಲೆ ಗೆರೆಗಳು ಮೂಡುತ್ತಿದ್ದವು: ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತಿಗೆ ಅಗಲ ಗೆರೆ, ಅಷ್ಟಮಿಯ ಸಣ್ಣ ಭರತಿಗೆ ಕಿರಿದು, ಮಳೆಗಾಲಕ್ಕೆ ಒತ್ತೊತ್ತಾದ ಕಪ್ಪು ಪಟ್ಟಿ. ಚಂದ್ರನ ಲೆಕ್ಕ ಎಂದೂ ತಪ್ಪುವುದಿಲ್ಲವಾದ್ದರಿಂದ, ವರ್ಷ ಗೊತ್ತಿದ್ದರೆ ಒಂದೊಂದು ಗೆರೆಗೂ ತಾರೀಕು ಹಾಕಬಹುದಿತ್ತು. ಅಷ್ಟರಲ್ಲಿ ದೊಡ್ಡದಿಣ್ಣೆಯ ದೀಪಗಳು ತಾವಾಗಿ ಹೊತ್ತಿಕೊಂಡಿದ್ದವು. ಹದಿನೈದನೆಯ ತಾರೀಕಿನಿಂದ ಇಪ್ಪತ್ತೈದರವರೆಗೆ, ಸರಿಯಾಗಿ ಹನ್ನೊಂದು ದಿನ ಬಳಚುಗಳು ಮುಚ್ಚಿಕೊಂಡಿದ್ದವು.

ಇಪ್ಪತ್ತೊಂಬತ್ತರ ಸಂಜೆ ಸುಮೈಯಾ ಮಾದೇವಿಯನ್ನು ಕರೆಸಿದಳು.

“ಇದು 2026ರ ಪದರದ್ದು. ಇಲ್ಲಿ ನೋಡಿ, ಪುಷ್ಯದ ಅಮಾವಾಸ್ಯೆ. ಇಲ್ಲಿಂದ ಇಲ್ಲಿಗೆ ದಿನದ ದೊಡ್ಡ ಇಳಿತದ ಹೊತ್ತಿಗೆಲ್ಲ ಗೆರೆ ನಿಂತಿದೆ. ಎಣಿಸಿ.”

ಮಾದೇವಿ ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಹನ್ನೊಂದು.

“ಆ ವರ್ಷವೂ ಜನವರಿ ಹದಿನೈದರಿಂದ ಇಪ್ಪತ್ತೈದು. ಅವತ್ತಿನ ಚಂದ್ರನೂ ಇವತ್ತಿನ ಚಂದ್ರನೂ ಒಂದೇ ತಾರೀಕಿಗೆ ಬಿದ್ದಿದ್ದಾರೆ. 2029ರ ಚಿಪ್ಪಿನಲ್ಲಿ ಇದು ಏಳೇ ದಿನ. 2033ರಲ್ಲಿ ಎರಡು. 2038ರಲ್ಲಿ ಇಲ್ಲವೇ ಇಲ್ಲ.”

“ಎಂತಕ್ಕೆ ನಿಂತೋಯ್ತು?”

“ಮೇಲೆ ಗುಡ್ಡದ ಊರುಗಳಲ್ಲಿ ಕೊಳವೆಬಾವಿ ಹೊಡೆದು ಹೊಡೆದು ನೀರೇ ಕೆಳಗೆ ಬರಲಿಲ್ಲ. ಈಗ ಹದಿನೈದು ವರ್ಷದಿಂದ ಅವರು ಇಂಗುಗುಂಡಿ ಮಾಡ್ತಿದ್ದಾರೆ, ಹಳೇ ಕೆರೆಗಳ ಹೂಳು ತೆಗೆದಿದ್ದಾರೆ. ಒರತೆ ತಿರುಗಿ ಬಂದಿದೆ.” ಸುಮೈಯಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. “ಇದು ರೋಗ ಅಲ್ಲ ಮಾದೇವಕ್ಕ. ಹೊಳೆಗೆ ತನ್ನ ಹಳೇ ಅಭ್ಯಾಸ ನೆನಪಾಗಿದೆ. ಬಳಚು ಅದನ್ನು ಮರೆತೇ ಇರಲಿಲ್ಲ. ಮುಚ್ಚಿಕೊಂಡು, ಕಾದು, ಬಾಯಿ ತೆರೆದವು.”

ಮಾದೇವಿ ಪರದೆಯನ್ನೇ ನೋಡುತ್ತಿದ್ದಳು. ಗೆರೆಗಳು ಒಂದರ ಪಕ್ಕ ಒಂದು ಮೃದುವಾಗಿ ಬಾಗಿ, ಗಾಳಿ ತೀಡಿದ ಮರಳಿನ ಹಾಗೆ ಕಾಣುತ್ತಿದ್ದವು. ಅವು ಒಂದು ಕಡೆ ಬಂದು ಮುಗಿದಿದ್ದವು.

“ಇಲ್ಲಿ ಎಂತ ಆಯ್ತು?”

“ಅದು ಚಿಪ್ಪಿನ ಅಂಚು. ಕೊನೇ ಗೆರೆ. ಬಳಚನ್ನು ನೀರಿನಿಂದ ಎತ್ತಿದ ಹೊತ್ತು.” ಸುಮೈಯಾ ಲೆಕ್ಕ ನೋಡಿದಳು. “ಮಾರ್ಚ್ ನಾಲ್ಕು. ಬುಧವಾರ. ಹೋಳಿ ಹುಣ್ಣಿಮೆಯ ಮರುದಿನ. ಬೆಳಗಿನ ಇಳಿತ, ಸೂರ್ಯ ಹುಟ್ಟೋ ಸುಮಾರಿಗೆ.”

ಮಾದೇವಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು. ದಿಬ್ಬದ ಆ ಮೂಲೆಯಲ್ಲಿ ಚಿಪ್ಪು ಸುರಿಯುತ್ತಿದ್ದದ್ದು ಎರಡೇ ಮನೆಯವರು, ಅದರಲ್ಲಿ ಒಂದು ಅವಳ ಮನೆ. ಆಗ ಅವಳಿಗೆ ಹನ್ನೊಂದು ವರ್ಷ. ಹೋಳಿಯ ಸುಗ್ಗಿಹಬ್ಬದ ಬಣ್ಣ ಅವ್ವಿಯ ಬೈತಲೆಯಿಂದ ನಾಲ್ಕು ದಿನವಾದರೂ ಹೋಗಿರಲಿಲ್ಲ. ಗಿರಿಜಕ್ಕ, ನಿನ್ನ ತಲೆ ಇನ್ನೂ ಹಬ್ಬದಲ್ಲೇ ಇದೆ ಎಂದು ಹೊಳೆಯಲ್ಲಿ ಹೆಂಗಸರು ನಗುತ್ತಿದ್ದರು. ಅದು ಆ ವರ್ಷವೋ, ಹಿಂದಿನ ವರ್ಷವೋ, ಮಾದೇವಿಗೆ ಖಚಿತವಿರಲಿಲ್ಲ. ಆದರೆ ಅವ್ವಿ ಆ ಬುಧವಾರ ಬೆಳಗ್ಗೆ ಹೊತ್ತು ಮೂಡುವಾಗ ನೀರಿನಲ್ಲಿ ನಿಂತಿದ್ದಳು. ಬರಿಗಾಲಲ್ಲಿ, ಸೊಂಟಕ್ಕೆ ಸೀರೆ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಮರಳು ಕೆದಕಿ, ಬಗ್ಗಿ, ಈ ಬಳಚನ್ನೇ ಎತ್ತಿದ್ದಳು. ಅವ್ವಿ ಹೋಗಿ ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ಅವಳ ಎರಡು ಫೋಟೋ ಇದ್ದವು, ಎರಡರಲ್ಲೂ ಮದುವೆಮನೆಯ ಬಿಗುವು. ಹೊಳೆಯಲ್ಲಿರುವ ಅವ್ವಿ ಸಿಕ್ಕಿದ್ದು ಇದೇ ಮೊದಲು.

“ಅಕ್ಕ, ನೀರು ಕುಡೀತೀರಾ?” ಎಂದಳು ಸುಮೈಯಾ.

“ಬೇಡ. ಇನ್ನೊಂದು ಚೂರು ಇಲ್ಲೇ ಕೂತ್ಕತೆ.”

*

ಮೂವತ್ತೊಂದರ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಸಮಿತಿಯ ಅಧ್ಯಕ್ಷರಾದ ಪೈ ಮಾಸ್ತರರು ಚಿಪ್ಪಿನ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ನಿಯಮದ ಪುಸ್ತಕ ತೆರೆದು, ದಾಖಲೆ ಎಂಬ ಪದದ ಮೇಲೆ ಬೆರಳಿಟ್ಟು, “ಬುರುಡೆಯ ದಾಖಲೆ ಅಂತ ಇದರಲ್ಲಿ ಬರೆದಿಲ್ಲ. ದಾಖಲೆ ಅಂತ ಮಾತ್ರ ಬರೆದದ್ದು. ಚಿಪ್ಪಿನದ್ದೂ ದಾಖಲೆಯೇ ಹೌದಲ್ಲ?” ಎಂದರು. ಕೈ ಎತ್ತಿದವರೇ ಹೆಚ್ಚು. ದೊಡ್ಡದಿಣ್ಣೆ ಮುಚ್ಚಲಿಲ್ಲ.

ಆಗ ಕುಸುಮಾ ಎದ್ದು ನಿಂತಳು. “ಒಂದು ಮಾತು ಮಾಸ್ತ್ರೆ. ಆ ಹನ್ನೊಂದು ದಿನ ನಾವೂ ನೀರಿಗೆ ಇಳಿಯೂದು ಬೇಡ. ಬಳಚು ಬಾಯಿ ಮುಚ್ಕಂಡು ಕೂತಾಗ ಕೆದಕೂದು ಸಮ ಅಲ್ಲ. ವರ್ಷಕ್ಕೆ ಹನ್ನೊಂದು ದಿನ ನಮ್ಮ ಬೆನ್ನಿಗೂ ರಜೆ ಬೇಕು.” ಅಂಗಳದ ತುಂಬ ನಗು ಎದ್ದಿತು. ಅವಳ ಮಾತು ಮಾತ್ರ ಉಳಿಯಿತು. ಮುಂದಿನ ವರ್ಷದಿಂದ ಪುಷ್ಯದ ಅಮಾವಾಸ್ಯೆಯ ಸುತ್ತಿನ ಆ ದಿನಗಳಲ್ಲಿ ದೊಡ್ಡದಿಣ್ಣೆಗೆ ದೋಣಿ ಹೋಗಬಾರದೆಂದು ತೀರ್ಮಾನವಾಯಿತು.

ಚಿಪ್ಪು ಓದುವ ವಿದ್ಯೆ ಹಣಜಿಬೇಣದಲ್ಲೇ ನಿಲ್ಲಲಿಲ್ಲ. ಕರಾವಳಿಯ ಬೇರೆ ಬೇರೆ ಹೊಳೆಗಳಿಂದ ಚೀಲಗಟ್ಟಲೆ ಹಳೆಯ ಚಿಪ್ಪು ಬರತೊಡಗಿತು. ಯಾರ ನೆನಪಿನಲ್ಲೂ ಉಳಿಯದ ಮಳೆಗಾಲಗಳು, ಯಾವ ಕಚೇರಿಯೂ ಬರೆದಿಡದ ನೆರೆಗಳು ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ಸುಮೈಯಾ ಹಗಲೆಲ್ಲ ಅವುಗಳ ಎದುರು ಕೂತು ಕನಸಿನಲ್ಲಿದ್ದವಳ ಹಾಗೆ ಇರುತ್ತಿದ್ದಳು.

ಏಪ್ರಿಲಿನ ಒಂದು ಮಧ್ಯಾಹ್ನ ಅವಳು ಮಾದೇವಿಗೆ ಮತ್ತೊಮ್ಮೆ 2026ರ ಚಿಪ್ಪುಗಳನ್ನು ತೋರಿಸಿದಳು. ಒಟ್ಟು ನಲವತ್ತೊಂದು ಚಿಪ್ಪು. ಎಲ್ಲದರಲ್ಲೂ, ಅಂಚಿಗಿಂತ ಸ್ವಲ್ಪ ಹಿಂದೆ, ಸೂಜಿಯಲ್ಲಿ ಗೀರಿದ ಹಾಗೆ ಒಂದು ಕಪ್ಪು ಗೆರೆ.

“ಒರತೆ ಇದಲ್ಲ. ಒರತೆಯಾದರೆ ಇಳಿತಕ್ಕೆ ಮಾತ್ರ ಮುಚ್ಚಬೇಕಿತ್ತು. ಇಲ್ಲಿ ಹಗಲೂ ರಾತ್ರಿ, ಮೂರು ದಿನ, ಒಂದು ಬಳಚೂ ಬಾಯಿ ತೆರೆದಿಲ್ಲ. ಆ ಪದರದಲ್ಲಿ ಈ ಗೆರೆಯಲ್ಲೇ ಬೆಳವಣಿಗೆ ಮುಗಿದ ಚಿಪ್ಪುಗಳೂ ಸಿಕ್ಕಿವೆ. ಅವು ಬದುಕಲಿಲ್ಲ. ಫೆಬ್ರವರಿ ಒಂಬತ್ತರಿಂದ ಹನ್ನೊಂದರವರೆಗೆ. ನೀರಿಗೆ ಏನೋ ಬಿದ್ದಿದೆ. ಏನು ಅಂತ ಗೆರೆ ಹೇಳೋದಿಲ್ಲ.” ಸುಮೈಯಾ ಅವಳ ಮುಖ ನೋಡಿದಳು. “ನಿಮಗೆ ಏನಾದರೂ ನೆನಪುಂಟಾ?”

ಮಾದೇವಿ ಕಣ್ಣು ಮುಚ್ಚಿ ಯೋಚಿಸಿದಳು. ಶಾಲೆ, ಮಗ್ಗಿ, ಹೊಳೆಯ ಬದಿಯ ಗೇರುಮರ. ಒಂದು ಸಲ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿದ್ದದ್ದನ್ನು ನೋಡಿ ಚಂದ ಎಂದು ಕುಣಿದಿದ್ದಳು. ಅದು ಇದೇ ಇರಬಹುದು, ಬೇರೆಯೂ ಇರಬಹುದು. ಆ ದಿನಗಳಲ್ಲೂ ಅವ್ವಿ ಹೊಳೆಗೆ ಹೋಗಿರಬೇಕು. ಬಳಚು ಸತ್ತದ್ದನ್ನು ಕಂಡಿರಬೇಕು. ಬುಟ್ಟಿ ಅರ್ಧ ಮಾಡಿಕೊಂಡು ಬಂದು, ಇವತ್ತು ಹೊಳೆ ಸಮ ಇಲ್ಲ ಎಂದು ಯಾರಿಗಾದರೂ ಹೇಳಿಯೂ ಇರಬಹುದು.

“ಅವ್ವಿಗೆ ಗೊತ್ತಿತ್ತೇನೋ,” ಎಂದಳು. “ಕೇಳಿದ್ರೆ ಹೇಳ್ತಿತ್ತು. ಆವಾಗ ಯಾರೂ ಕೇಳ್ಲಿಲ್ಲ.”

ಸುಮೈಯಾ ಹಳೆಯ ಪತ್ರಿಕೆಗಳನ್ನು ಹುಡುಕಿಸಿದಳು. ಊರಿನ ಹಿರಿಯರನ್ನು ವಿಚಾರಿಸಿದಳು. ಆ ಮೂರು ದಿನಗಳ ಪತ್ರಿಕೆಗಳಲ್ಲಿ ಏನೇನೋ ಇತ್ತು. ಸೀತಾಳಿ ಹೊಳೆಯ ಹೆಸರು ಇರಲಿಲ್ಲ. ಕೊನೆಗೆ ದಾಖಲೆಯ ಪುಸ್ತಕದಲ್ಲಿ ಆ ತಾರೀಕಿನ ಮುಂದಿನ ಜಾಗವನ್ನು ಖಾಲಿ ಬಿಟ್ಟು, ನೀರಿನ ಮನೆಯ ಬಾಗಿಲಲ್ಲಿ ಒಂದು ಫಲಕ ತೂಗಹಾಕಿದರು. ಅಕ್ಷರಗಳನ್ನು ಮಾದೇವಿಯೇ ಬರೆದಳು. ಬಿಸಿಲಿಗೂ ಮಳೆಗೂ ಅಳಿಸದಿರಲೆಂದು ದೋಣಿಗೆ ಬಳಿಯುವ ಬಣ್ಣದಲ್ಲಿ, ದಪ್ಪಗೆ:

“2026ರ ಫೆಬ್ರವರಿ 9, 10, 11. ಈ ಮೂರು ದಿನ ಹೊಳೆಯ ನೀರಿಗೆ ಏನಾಯಿತೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ಯಾರನ್ನೂ ದೂರುವುದಕ್ಕಲ್ಲ. ನಮಗೆ ಗೊತ್ತಿರಬೇಕು, ಅಷ್ಟೇ.”